ಖಿನ್ನತೆಯ ಮಾತ್ರೆ, ಸಿಗರೇಟು ಬಿಡಿಸುವ ಮಾತ್ರೆ: ಹೆಸರು ಒಂದೇ, ಲೆಕ್ಕ ಬೇರೆ

ಖಿನ್ನತೆಗೆ ಬರೆಯುವ ಮಾತ್ರೆಗಳ ಪಟ್ಟಿ ಉದ್ದವಿದೆ. ಅಷ್ಟರಲ್ಲಿ ಸಿಗರೇಟು ಬಿಡಲು ನೆರವಾಗುತ್ತವೆ ಎಂದು ಧೈರ್ಯವಾಗಿ ಹೇಳಬಹುದಾದವು ಎರಡೇ ಎರಡು: ಬ್ಯುಪ್ರೊಪಿಯಾನ್ ಮತ್ತು ನಾರ್‌ಟ್ರಿಪ್ಟಿಲಿನ್. ಫ್ಲೂಯಾಕ್ಸೆಟಿನ್, ಸರ್ಟ್ರಲಿನ್, ಪ್ಯಾರಾಕ್ಸೆಟಿನ್‌ಗಳನ್ನೂ ಸೇದುವವರಿಗೆ ಕೊಟ್ಟು ನೋಡಿದ್ದಾರೆ. ಖಿನ್ನತೆಯನ್ನು ಚೆನ್ನಾಗಿ ಇಳಿಸುವ ಈ ಮಾತ್ರೆಗಳು ಚಟ ಬಿಡಿಸುವುದರಲ್ಲಿ ಔಷಧವಿಲ್ಲದ ಖಾಲಿ ಮಾತ್ರೆಗಿಂತ ಮೇಲು ಎಂದು ಎಲ್ಲೂ ಸಾಬೀತಾಗಲಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. "ಮನಸ್ಸು ಸರಿಹೋದರೆ ಸಿಗರೇಟು ತಾನಾಗಿ ಬಿಟ್ಟುಹೋಗುತ್ತದೆ" ಎಂದು ನಂಬಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಇನ್ನೊಂದು ಕಡೆ, ಚಟ ಬಿಡಲೆಂದು ಹೋದವರಿಗೆ ಬ್ಯುಪ್ರೊಪಿಯಾನ್ ಬರೆದುಕೊಟ್ಟರೆ, ಹೆಸರನ್ನು ಮೊಬೈಲಿನಲ್ಲಿ ಹುಡುಕಿ "ನನಗೇನು ಡಿಪ್ರೆಶನ್ ಇಲ್ಲವಲ್ಲ" ಎಂದು ಮಾತ್ರೆಯನ್ನು ಪಕ್ಕಕ್ಕಿಡುತ್ತಾರೆ. ಎರಡೂ ತಪ್ಪು ತಿಳಿವಳಿಕೆ ಹುಟ್ಟುವುದು ಒಂದೇ ಕಡೆಯಿಂದ: ಮಾತ್ರೆ ಒಂದೇ ಆದ್ದರಿಂದ ಕೆಲಸವೂ ಒಂದೇ ಇರಬೇಕು ಎಂಬ ಊಹೆಯಿಂದ. ಅದು ಹಾಗಿಲ್ಲ. ಡೋಸ್ ಬೇರೆ, ಅವಧಿ ಬೇರೆ, ಗುಣ ಕಾಣಿಸುವ ಹೊತ್ತು ಬೇರೆ, ನಿಲ್ಲಿಸುವ ಕ್ರಮ ಬೇರೆ.

ಬ್ಯುಪ್ರೊಪಿಯಾನ್ ಕಥೆ ಸ್ವಲ್ಪ ತಿಳಿದಿದ್ದರೆ ಮುಂದಿನದು ಸುಲಭವಾಗುತ್ತದೆ. 1969ರಲ್ಲಿ ಬರೋಸ್ ವೆಲ್ಕಮ್ ಕಂಪನಿಯ ನಾರಿಮನ್ ಮೆಹ್ತಾ ಇದನ್ನು ತಯಾರಿಸಿದರು. 1985ರಲ್ಲಿ ಅಮೆರಿಕದಲ್ಲಿ ಖಿನ್ನತೆಯ ಔಷಧವಾಗಿ ಅನುಮತಿ ಸಿಕ್ಕಿತು. ಮರುವರ್ಷವೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು: ಆಗಿನ ದೊಡ್ಡ ಡೋಸಿನಲ್ಲಿ, ಅದರಲ್ಲೂ ಬುಲಿಮಿಯಾ (ವಿಪರೀತ ತಿಂದು ವಾಂತಿ ಮಾಡಿಕೊಳ್ಳುವ ಕಾಯಿಲೆ) ಇದ್ದವರಲ್ಲಿ, ಫಿಟ್ಸ್ ಕಾಣಿಸಿಕೊಂಡಿತ್ತು. ದಿನಕ್ಕೆ 450 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಹಾಕಿಕೊಂಡು 1989ರಲ್ಲಿ ಮತ್ತೆ ಬಂತು. ಈ ಮಾತ್ರೆಯನ್ನು ಸಿಗರೇಟಿನ ಕಡೆಗೆ ತಿರುಗಿಸಿದವರು ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ವೈದ್ಯೆ ಲಿಂಡಾ ಫೆರ್ರಿ. ಸೇದುವ ಮಾಜಿ ಸೈನಿಕರಿಗೆ ಇದನ್ನು ಕೊಟ್ಟು ಅವರು ನಡೆಸಿದ ಸಣ್ಣ ಪ್ರಯೋಗಗಳೇ ದೊಡ್ಡ ಪ್ರಯೋಗಗಳಿಗೆ ದಾರಿಯಾದವು. 1997ರಲ್ಲಿ ಝೈಬಾನ್ ಎಂಬ ಹೆಸರಿನಲ್ಲಿ ಧೂಮಪಾನ ಬಿಡಿಸುವ ಔಷಧವಾಗಿ ಅನುಮತಿ ಸಿಕ್ಕಿತು.

ಅದೇ ವರ್ಷ ಪ್ರಕಟವಾದ ಪ್ರಯೋಗದಲ್ಲಿ 615 ಸೇದುಗರಿದ್ದರು. ಆಗ ಖಿನ್ನತೆ ಇದ್ದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಅಂದರೆ ಆಗ ಖಿನ್ನತೆಯೇ ಇಲ್ಲದವರಲ್ಲಿ ಮಾತ್ರೆ ಚಟದ ಮೇಲೆ ಕೆಲಸ ಮಾಡಿತು. ಏಳು ವಾರದ ಕೊನೆಗೆ ಖಾಲಿ ಮಾತ್ರೆ ನುಂಗಿದವರಲ್ಲಿ 100ಕ್ಕೆ 19 ಜನ ಬಿಟ್ಟಿದ್ದರೆ, ದಿನಕ್ಕೆ 300 ಮಿಲಿಗ್ರಾಂ ತೆಗೆದುಕೊಂಡವರಲ್ಲಿ 44 ಜನ ಬಿಟ್ಟಿದ್ದರು. ಒಂದು ವರ್ಷದ ಹೊತ್ತಿಗೆ ಇದು 12 ಮತ್ತು 23ಕ್ಕೆ ಇಳಿದಿತ್ತು. ನನಗೆ ಇದರಲ್ಲಿ ಹೆಚ್ಚು ಉಪಯುಕ್ತ ಎನ್ನಿಸುವ ಅಂಕಿ ಬೇರೆ: ದಿನಕ್ಕೆ 150 ಮಿಲಿಗ್ರಾಂ ಮಾತ್ರ ತೆಗೆದುಕೊಂಡ ಗುಂಪಿನಲ್ಲೂ ವರ್ಷದ ಕೊನೆಗೆ 100ಕ್ಕೆ 23ರ ಹತ್ತಿರವೇ ಇತ್ತು. ಎರಡು ಮಾತ್ರೆ ತಡೆಯಲಾಗದೆ ನಿದ್ದೆಗೆಟ್ಟು ಔಷಧವನ್ನೇ ಬಿಟ್ಟುಬಿಡುವವರಿಗೆ ಇದು ದೊಡ್ಡ ಸಮಾಧಾನ. ಬೆಳಗಿನ ಒಂದು ಮಾತ್ರೆಯಲ್ಲೇ ಮುಂದುವರಿಯಬಹುದೇ ಎಂದು ವೈದ್ಯರನ್ನು ಕೇಳಲು ಗಟ್ಟಿ ಆಧಾರವಿದೆ.

ಬೇರೆ ಖಿನ್ನತೆಯ ಮಾತ್ರೆಗಳಿಗೆ ಆಗದ್ದು ಇದಕ್ಕೆ ಹೇಗೆ ಆಗುತ್ತದೆ? ಫ್ಲೂಯಾಕ್ಸೆಟಿನ್, ಸರ್ಟ್ರಲಿನ್, ಎಸಿಟಲೋಪ್ರಾಮ್ ಬಳಗದವು ಮುಖ್ಯವಾಗಿ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಬ್ಯುಪ್ರೊಪಿಯಾನ್ ಸೆರೊಟೋನಿನ್ ತಂಟೆಗೆ ಹೋಗುವುದಿಲ್ಲ. ಅದು ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ನರಕೋಶಗಳಿಗೆ ವಾಪಸ್ ಹೀರಿಹೋಗುವುದನ್ನು ತಡೆಯುತ್ತದೆ, ಜೊತೆಗೆ ನಿಕೋಟಿನ್ ಹೋಗಿ ಕೂರುವ ಗ್ರಾಹಕಗಳನ್ನೂ ಸ್ವಲ್ಪಮಟ್ಟಿಗೆ ಮುಚ್ಚುತ್ತದೆ. ಹಾಗಾಗಿ ಬಿಟ್ಟಾಗಿನ ಚಡಪಡಿಕೆ ಕಡಿಮೆ, ನಡುವೆ ಒಂದು ಸೇದಿದರೂ ಮೊದಲಿನ ಮಜಾ ಕಡಿಮೆ. ನಾರ್‌ಟ್ರಿಪ್ಟಿಲಿನ್ ಕೂಡ ನಾರ್‌ಅಡ್ರಿನಲಿನ್ ಕಡೆಯದೇ.

ಇನ್ನು ಬಳಸುವ ಕ್ರಮ. ತಪ್ಪುಗಳು ಹೆಚ್ಚು ಆಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಸಿಗರೇಟು ಬಿಡಲು ಕೊಡುವುದು 150 ಮಿಲಿಗ್ರಾಂನ ಎಸ್‌ಆರ್ ಮಾತ್ರೆ, ಅಂದರೆ ಔಷಧವನ್ನು ಹೊಟ್ಟೆಯಲ್ಲಿ ನಿಧಾನವಾಗಿ ಬಿಡುವಂಥದ್ದು. ಮೊದಲ ಮೂರು ದಿನ ಬೆಳಿಗ್ಗೆ ಒಂದೇ. ನಾಲ್ಕನೇ ದಿನದಿಂದ ದಿನಕ್ಕೆ ಎರಡು, ಎರಡರ ನಡುವೆ ಕಡಿಮೆಯೆಂದರೆ ಎಂಟು ಗಂಟೆ ಅಂತರ. ಮೊದಲ ವಾರ ಸಿಗರೇಟು ಸೇದುತ್ತಲೇ ಮಾತ್ರೆ ನುಂಗಬೇಕು. ಔಷಧ ರಕ್ತದಲ್ಲಿ ನೆಲೆಗೊಳ್ಳಲು ಅಷ್ಟು ಹೊತ್ತು ಬೇಕು. ಬಿಡುವ ದಿನವನ್ನು ಎರಡನೇ ವಾರದಲ್ಲಿ, ಎಂಟನೇ ದಿನದಿಂದ ಹದಿನಾಲ್ಕನೇ ದಿನದೊಳಗೆ, ಮೊದಲೇ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. "ಮಾತ್ರೆ ಶುರು ಮಾಡಿದ ದಿನವೇ ಪ್ಯಾಕೆಟ್ ಬಿಸಾಡಿದೆ, ಮೂರನೇ ದಿನಕ್ಕೆ ತಡೆಯಲಾಗಲಿಲ್ಲ, ಮಾತ್ರೆ ಕೆಲಸಕ್ಕೆ ಬರಲಿಲ್ಲ" ಎನ್ನುವವರಲ್ಲಿ ಕೆಲಸ ಮಾಡಲು ಮಾತ್ರೆಗೆ ಸಮಯವೇ ಸಿಕ್ಕಿರುವುದಿಲ್ಲ.

ಎರಡನೇ ಮಾತ್ರೆಯ ಹೊತ್ತು ಬಹಳ ಮುಖ್ಯ. ಚೀಟಿಯಲ್ಲಿ 1-0-1 ಎಂದು ಬರೆದಿರುತ್ತಾರೆ. ನಮ್ಮ ಮನೆಗಳಲ್ಲಿ ಅದನ್ನು ತಿಂಡಿಯಾದ ಮೇಲೊಂದು, ರಾತ್ರಿ ಊಟವಾದ ಮೇಲೊಂದು ಎಂದು ಓದುತ್ತಾರೆ. ರಾತ್ರಿ ಒಂಬತ್ತಕ್ಕೆ ಇದನ್ನು ನುಂಗಿದರೆ ಎರಡು ಗಂಟೆಗೂ ಕಣ್ಣು ಬಿಟ್ಟುಕೊಂಡು ಮಲಗಿರಬೇಕಾಗುತ್ತದೆ. ಬೆಳಿಗ್ಗೆ ಏಳಕ್ಕೊಂದು, ಮಧ್ಯಾಹ್ನ ಮೂರೂವರೆ ನಾಲ್ಕಕ್ಕೊಂದು ಸರಿಯಾದ ಲೆಕ್ಕ. ಇಷ್ಟು ಮಾಡಿದರೂ ನಿದ್ದೆ ಕೆಡುವುದು ಈ ಔಷಧದ ಸಾಮಾನ್ಯ ತೊಂದರೆಯೇ. ಬಾಯಿ ಒಣಗುವುದು ಅದರ ನಂತರದ್ದು. ಒಂದು ಹೊತ್ತು ಮರೆತರೆ ಮರೆತದ್ದನ್ನು ಬಿಟ್ಟುಬಿಡಿ, ಮುಂದಿನ ಹೊತ್ತಿಗೆ ಎರಡು ನುಂಗಬೇಡಿ.

ಮಾತ್ರೆಯನ್ನು ಅರ್ಧ ಮುರಿಯುವ ಅಭ್ಯಾಸ ನಮ್ಮಲ್ಲಿ ಬಹಳ. ಶಕ್ತಿ ಜಾಸ್ತಿ ಅನ್ನಿಸಿದರೆ ಮುರಿದು ಅರ್ಧ ನುಂಗುತ್ತಾರೆ, ನುಂಗಲಾಗದ ಹಿರಿಯರಿಗೆ ಪುಡಿ ಮಾಡಿ ಕೊಡುತ್ತಾರೆ. ಈ ಮಾತ್ರೆಯಲ್ಲಿ ಅದು ಅಪಾಯ. ನಿಧಾನವಾಗಿ ಬಿಡಬೇಕಾದ ರಚನೆಯೇ ಒಡೆದುಹೋಗಿ ಗಂಟೆಗಟ್ಟಲೆ ಇಳಿಯಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ, ಫಿಟ್ಸ್ ಬರುವ ಸಾಧ್ಯತೆ ಹೆಚ್ಚುವುದು ಹೀಗೆ ಏರಿದಾಗಲೇ.

ಫಿಟ್ಸ್ ವಿಷಯ ಹೇಳಿ ಹೆದರಿಸಲೂ ಬಾರದು, ಅದನ್ನು ಮುಚ್ಚಿಡಲೂ ಬಾರದು. ದಿನಕ್ಕೆ 300 ಮಿಲಿಗ್ರಾಂ ಎಸ್‌ಆರ್ ಡೋಸಿನಲ್ಲಿ ಸುಮಾರು ಸಾವಿರಕ್ಕೆ ಒಬ್ಬರಲ್ಲಿ ಬರುತ್ತದೆ. ಬೇರೆ ಕಾರಣಗಳು ಕೂಡಿಕೊಂಡರೆ ಈ ಲೆಕ್ಕ ಏರುತ್ತದೆ. ಮೊದಲು ಫಿಟ್ಸ್ ಬಂದಿದ್ದರೆ, ಬುಲಿಮಿಯಾ ಅಥವಾ ಅನೊರೆಕ್ಸಿಯಾ (ದಪ್ಪಗಾಗುವ ಭಯಕ್ಕೆ ಊಟ ಬಿಟ್ಟು ಸೊರಗುವ ಕಾಯಿಲೆ) ಇದ್ದರೆ ಈ ಮಾತ್ರೆ ಬೇಡವೇ ಬೇಡ. ತಲೆಗೆ ದೊಡ್ಡ ಏಟು ಬಿದ್ದಿದ್ದರೆ ವೈದ್ಯರಿಗೆ ಹೇಳಲೇಬೇಕು. ದಿನಾ ಕುಡಿಯುವವರು ಸಿಗರೇಟಿನ ಜೊತೆ ಕುಡಿತವನ್ನೂ ಒಂದೇ ದಿನ ನಿಲ್ಲಿಸಿಬಿಡುವ ಸಂಕಲ್ಪ ಮಾಡುತ್ತಾರೆ, ಅಥವಾ ವರ್ಷಗಳಿಂದ ನುಂಗುತ್ತಿದ್ದ ನಿದ್ದೆ ಮಾತ್ರೆಯನ್ನು ತಟ್ಟನೆ ಬಿಡುತ್ತಾರೆ. ಬ್ಯುಪ್ರೊಪಿಯಾನ್ ಮೇಲಿರುವಾಗ ಇವೆರಡೂ ಫಿಟ್ಸ್‌ಗೆ ನೇರ ದಾರಿ. ನೋವಿಗೆಂದು ಕೊಡುವ ಟ್ರಮಡಾಲ್, ಉಬ್ಬಸದ ಥಿಯೋಫಿಲಿನ್, ನುಂಗುವ ಸ್ಟೀರಾಯ್ಡ್, ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್, ಮಲೇರಿಯಾದ ಕ್ಲೋರೊಕ್ವಿನ್ ಇವೆಲ್ಲ ಫಿಟ್ಸ್ ಬರುವ ಹೊಸ್ತಿಲನ್ನು ತಗ್ಗಿಸುತ್ತವೆ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಶುಗರ್ ಇಳಿಯದಂತೆ ನೋಡಿಕೊಳ್ಳಬೇಕು. ಬೇರೆ ಊರಿನಲ್ಲಿ, ಬೇರೆ ಡಾಕ್ಟರ ಹತ್ತಿರ ಬೆನ್ನುನೋವಿಗೆ ತೋರಿಸುವಾಗ "ಸಿಗರೇಟು ಬಿಡಲು ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ" ಎಂದು ಹೇಳಲು ಯಾರಿಗೂ ನೆನಪಿರುವುದಿಲ್ಲ. ಮಾತ್ರೆ ಪಟ್ಟಿಯ ಫೋಟೊ ಮೊಬೈಲಿನಲ್ಲಿರಲಿ.

ಬ್ಯುಪ್ರೊಪಿಯಾನ್ ಇನ್ನೊಂದು ಕೆಲಸ ಸದ್ದಿಲ್ಲದೆ ಮಾಡುತ್ತದೆ. ಲಿವರಿನಲ್ಲಿ ಹಲವು ಔಷಧಗಳನ್ನು ಕರಗಿಸುವ ಸಿವೈಪಿ2ಡಿ6 ಎಂಬ ಕಿಣ್ವವನ್ನು ಅದು ತಡೆಹಿಡಿಯುತ್ತದೆ. ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಲ್ಲಿ ಅದರ ಮಟ್ಟ ಏರಿ ನಾಡಿ ತೀರಾ ನಿಧಾನವಾಗಬಹುದು. ಸ್ತನ ಕ್ಯಾನ್ಸರ್ ನಂತರ ಟಮಾಕ್ಸಿಫೆನ್ ನುಂಗುವವರಲ್ಲಿ ಆಗುವುದು ಇದಕ್ಕೆ ವಿರುದ್ಧ: ಆ ಔಷಧ ಸಕ್ರಿಯವಾಗಲು ಇದೇ ಕಿಣ್ವ ಬೇಕು. ಅಂಥವರಿಗೆ ಚಟ ಬಿಡಲು ಬೇರೆ ದಾರಿಯೇ ಸರಿ.

ನಾರ್‌ಟ್ರಿಪ್ಟಿಲಿನ್ ಹಳೆಯ ಔಷಧ, ಅಗ್ಗದ ಔಷಧ. ರಾತ್ರಿ 25 ಮಿಲಿಗ್ರಾಂನಿಂದ ಶುರುಮಾಡಿ ಕೆಲವು ದಿನಕ್ಕೊಮ್ಮೆ ಏರಿಸುತ್ತಾ 75 ಅಥವಾ 100ರವರೆಗೆ ಹೋಗುತ್ತಾರೆ. ಬಿಡುವ ದಿನ ಹತ್ತರಿಂದ ಇಪ್ಪತ್ತೆಂಟು ದಿನದ ನಂತರ, ಒಟ್ಟು ಸುಮಾರು ಹನ್ನೆರಡು ವಾರ, ಕೊನೆಗೆ ನಿಧಾನವಾಗಿ ಇಳಿಸಿ ನಿಲ್ಲಿಸುವುದು. ಚಟ ಬಿಡಿಸುವುದರಲ್ಲಿ ಬ್ಯುಪ್ರೊಪಿಯಾನ್‌ಗೆ ಹೋಲಿಸಿದರೆ ಕಡಿಮೆ ಎಂದು ಸಾಬೀತಾಗಿಲ್ಲ. ಆದರೂ ಎರಡನೇ ಸಾಲಿಗೆ ಹಾಕಿದ್ದಾರೆ, ಅದು ನ್ಯಾಯವೇ. ಬಾಯಿ ಒಣಗುವುದು, ಮಲಬದ್ಧತೆ, ಮಂಪರು, ಎದ್ದು ನಿಂತಾಗ ತಲೆ ತಿರುಗುವುದು ಇದ್ದದ್ದೇ. ಪ್ರಾಸ್ಟೇಟ್ ಉಬ್ಬಿದ ಹಿರಿಯರಿಗೆ ಮೂತ್ರ ಕಟ್ಟಿಕೊಳ್ಳುತ್ತದೆ, ಕೆಲವು ಬಗೆಯ ಗ್ಲಾಕೋಮಾ ಕೆರಳುತ್ತದೆ. ಹೃದಯದ ಬಡಿತದ ಮೇಲೂ ಪರಿಣಾಮವಿದೆ. ಇಪ್ಪತ್ತು ವರ್ಷ ಸೇದಿದವರ ಹೃದಯವನ್ನು ಇಸಿಜಿ ತೆಗೆಯದೆ ನಂಬಲಾಗದು. ಎಲ್ಲಕ್ಕಿಂತ ಗಂಭೀರವಾದ ಮಾತು: ಒಟ್ಟಿಗೆ ಹೆಚ್ಚು ನುಂಗಿದರೆ ಇದು ಪ್ರಾಣ ತೆಗೆಯುತ್ತದೆ. ಸಾಯುವ ಯೋಚನೆ ಬರುತ್ತಿರುವ ಖಿನ್ನತೆಯವರ ಮನೆಯಲ್ಲಿ ತಿಂಗಳ ಮಾತ್ರೆ ಒಟ್ಟಿಗೆ ತಂದಿಡಬಾರದು. ವಾರಕ್ಕೆ ಬೇಕಾದಷ್ಟೇ ತರಬೇಕು, ಮನೆಯ ಇನ್ನೊಬ್ಬರ ಕೈಯಲ್ಲಿರಬೇಕು. ಬ್ಯುಪ್ರೊಪಿಯಾನ್ ಕೂಡ ಅತಿ ಡೋಸಿನಲ್ಲಿ ಸುರಕ್ಷಿತವಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟರೆ ಮೇಲೆ ಹೇಳಿದ ಕಿಣ್ವದ ಕಾರಣಕ್ಕೆ ನಾರ್‌ಟ್ರಿಪ್ಟಿಲಿನ್ ಮಟ್ಟ ಏರುತ್ತದೆ.

ಈಗ ಖಿನ್ನತೆಯ ಕಡೆಯಿಂದ ನೋಡೋಣ. ಅಲ್ಲಿ ಬ್ಯುಪ್ರೊಪಿಯಾನ್ ಅನ್ನು ಹೆಚ್ಚಾಗಿ ಎಕ್ಸ್‌ಎಲ್ ರೂಪದಲ್ಲಿ, ಅಂದರೆ ಇನ್ನೂ ನಿಧಾನವಾಗಿ ಔಷಧ ಬಿಡುವ ಮಾತ್ರೆಯಾಗಿ ಕೊಡುತ್ತಾರೆ, ಬೆಳಿಗ್ಗೆ ಒಂದೇ ಬಾರಿ 150, ನಂತರ 300. ಗುಣ ಕಂಡಿದೆಯೇ ಎಂದು ಅಳೆಯಲು ನಾಲ್ಕರಿಂದ ಆರು ವಾರ ಬೇಕು. ಬ್ರಿಟನ್ನಿನಲ್ಲಿ ಇದಕ್ಕೆ ಅನುಮತಿ ಇರುವುದು ಸಿಗರೇಟು ಬಿಡಲು ಮಾತ್ರ, ಖಿನ್ನತೆಗಿಲ್ಲ. ಅಮೆರಿಕದಲ್ಲಿ ಎರಡಕ್ಕೂ ಇದೆ. ಎಸಿಟಲೋಪ್ರಾಮ್, ಸರ್ಟ್ರಲಿನ್‌ಗಳಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು ಸಾಮಾನ್ಯ, ನಾಚಿಕೆಯಿಂದ ಯಾರೂ ಹೇಳಿಕೊಳ್ಳದೆ ಮಾತ್ರೆಯನ್ನೇ ನಿಲ್ಲಿಸಿಬಿಡುವುದೂ ಸಾಮಾನ್ಯ. ಬ್ಯುಪ್ರೊಪಿಯಾನ್‌ನಲ್ಲಿ ಆ ತೊಂದರೆ ಕಡಿಮೆ, ತೂಕವೂ ಏರುವುದಿಲ್ಲ. ಆಲಸ್ಯ, ಅತಿನಿದ್ದೆ, ಯಾವುದರಲ್ಲೂ ಉತ್ಸಾಹವಿಲ್ಲದ ಖಿನ್ನತೆಗೆ, ಜೊತೆಗೆ ಸೇದುವ ಚಟವೂ ಇದ್ದರೆ, ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಹೊಂದುವ ಮಾತ್ರೆ ಸಿಗುವುದು ಕಷ್ಟ. ಊಟ ಸೇರದೆ ಸೊರಗಿಹೋದವರಿಗೆ, ಮೊದಲೇ ನಿದ್ದೆಯಿಲ್ಲದೆ ಚಡಪಡಿಸುತ್ತಿರುವವರಿಗೆ ಇದು ಮೊದಲ ಆಯ್ಕೆಯಾಗಬಾರದು. ಯಾವುದೇ ಖಿನ್ನತೆಯ ಮಾತ್ರೆಗೆ ಮುಂಚೆ ಬೈಪೋಲಾರ್ (ಮನಸ್ಸು ಖಿನ್ನತೆ ಮತ್ತು ಅತಿ ಉತ್ಸಾಹದ ನಡುವೆ ಓಲಾಡುವ ಕಾಯಿಲೆ) ಇತಿಹಾಸ ಕೇಳಲೇಬೇಕು, ಅತಿ ಉತ್ಸಾಹದ ಕಡೆಗೆ ಮನಸ್ಸು ವಾಲಿಬಿಡುವ ಭಯವಿದೆ. ಇಪ್ಪತ್ತೈದು ದಾಟದವರನ್ನು ಮೊದಲ ಕೆಲವು ವಾರ ಮನೆಯವರು ಹತ್ತಿರದಿಂದ ಗಮನಿಸಬೇಕು.

ಸರ್ಟ್ರಲಿನ್‌ನಲ್ಲೇ ಖಿನ್ನತೆ ಚೆನ್ನಾಗಿ ಹಿಡಿತಕ್ಕೆ ಬಂದಿದ್ದರೆ ಸಿಗರೇಟಿಗಾಗಿ ಅದನ್ನು ಬದಲಿಸುವುದು ಬೇಡ. ಅದನ್ನು ಇದ್ದಂತೆಯೇ ಇಟ್ಟು, ಚಟಕ್ಕೆ ಪ್ರತ್ಯೇಕ ಔಷಧ ಸೇರಿಸಿಕೊಳ್ಳಬಹುದು. ಆ ಪ್ರತ್ಯೇಕ ಔಷಧಗಳಲ್ಲಿ ಬಲವಾದದ್ದು ವರೆನಿಕ್ಲಿನ್. 2016ರಲ್ಲಿ ಪ್ರಕಟವಾದ ಈಗಲ್ಸ್ ಎಂಬ ಪ್ರಯೋಗದಲ್ಲಿ 8,144 ಜನರಿದ್ದರು, ಅರ್ಧಕ್ಕೂ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆಯ ಇತಿಹಾಸವಿತ್ತು. ಒಂಬತ್ತನೇ ವಾರದಿಂದ ಇಪ್ಪತ್ನಾಲ್ಕನೇ ವಾರದವರೆಗೆ ಒಂದೂ ಸೇದದೆ ಉಳಿದವರು ವರೆನಿಕ್ಲಿನ್‌ನಲ್ಲಿ 100ಕ್ಕೆ 22, ಬ್ಯುಪ್ರೊಪಿಯಾನ್‌ನಲ್ಲಿ 16, ನಿಕೋಟಿನ್ ಪ್ಯಾಚ್‌ನಲ್ಲಿ 16, ಖಾಲಿ ಮಾತ್ರೆಯಲ್ಲಿ 9. ಮನಸ್ಸು ಕೆಡಿಸುತ್ತದೆ ಎಂಬ ಹೆದರಿಕೆ ವರೆನಿಕ್ಲಿನ್ ಮತ್ತು ಬ್ಯುಪ್ರೊಪಿಯಾನ್ ಎರಡರ ಮೇಲೂ ಇತ್ತು. ಈ ಪ್ರಯೋಗದಲ್ಲಿ ಪ್ಯಾಚ್ ಅಥವಾ ಖಾಲಿ ಮಾತ್ರೆಗಿಂತ ಗಮನಾರ್ಹವಾಗಿ ಹೆಚ್ಚಿನ ತೊಂದರೆ ಕಾಣಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಹೆದರಿಕೆಯ ಬಗ್ಗೆ ಔಷಧದ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟಿನೊಳಗೆ ಹಾಕಿಸಿದ್ದ ಎಚ್ಚರಿಕೆಯನ್ನು ತೆಗೆಯಿತು. ಬ್ಯುಪ್ರೊಪಿಯಾನ್, ವರೆನಿಕ್ಲಿನ್ ಎರಡೂ 2021ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಈ ಅಂಕಿಗಳೆಲ್ಲ ಭೇಟಿ ಭೇಟಿಗೂ ಸಮಾಲೋಚನೆ ಸಿಕ್ಕವರದ್ದು ಎಂಬುದು ನೆನಪಿರಲಿ.

ಸಿಗರೇಟು ನಿಲ್ಲಿಸಿದ ಮೇಲೆ ಎರಡು ವಿಷಯಗಳು ಜನರನ್ನು ಗಾಬರಿಗೊಳಿಸುತ್ತವೆ. ಮೊದಲನೆಯದು ಬೇಸರ. ಸಿಡುಕು, ಮಂಕು, ಏಕಾಗ್ರತೆಯಿಲ್ಲದಿರುವುದು ಮೊದಲ ವಾರ ತಾರಕಕ್ಕೇರಿ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಅದು ನಿಕೋಟಿನ್ ಇಲ್ಲದ ಚಡಪಡಿಕೆ. ಎರಡು ವಾರ ದಾಟಿಯೂ ಹೆಚ್ಚುತ್ತಲೇ ಹೋದರೆ, ನಸುಕಿನಲ್ಲೇ ಎಚ್ಚರವಾಗಿ ಬದುಕು ಬೇಡವೆನ್ನಿಸಿದರೆ ಖಿನ್ನತೆ ಮರಳಿದೆ ಎಂದು ತಿಳಿದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಸೇದಿದರೆ ಮನಸ್ಸು ಹಗುರವಾಗುತ್ತದೆ ಎಂಬ ಭಾವನೆಯ ಬಹುಪಾಲು ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದಾಗಿನ ಕಿರಿಕಿರಿ ನೀಗುವುದಷ್ಟೇ. 2014ರಲ್ಲಿ ಬಿಎಂಜೆ ಎಂಬ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಿಟ್ಟವರಲ್ಲಿ ಆತಂಕ, ಖಿನ್ನತೆ ಮುಂದುವರಿಸಿದವರಿಗಿಂತ ಕಡಿಮೆಯಾಗಿತ್ತು. ಆ ಇಳಿತ ಖಿನ್ನತೆಯ ಮಾತ್ರೆಗಳು ಕೊಡುವ ಗುಣಕ್ಕೆ ಸರಿಸಾಟಿಯಾಗಿತ್ತು.

ಎರಡನೆಯದನ್ನು ವೈದ್ಯರೂ ಕೆಲವೊಮ್ಮೆ ಹೇಳಲು ಮರೆಯುತ್ತಾರೆ. ಹೊಗೆಯಲ್ಲಿರುವ ಸುಟ್ಟ ಪದಾರ್ಥಗಳು ಲಿವರಿನ ಸಿವೈಪಿ1ಎ2 ಎಂಬ ಕಿಣ್ವವನ್ನು ಚುರುಕುಗೊಳಿಸಿರುತ್ತವೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಆ ಕಿಣ್ವ ಮಂದವಾಗುತ್ತದೆ, ಅದು ಕರಗಿಸುತ್ತಿದ್ದ ಔಷಧಗಳ ಮಟ್ಟ ರಕ್ತದಲ್ಲಿ ಏರುತ್ತದೆ. ಸ್ಕಿಜೋಫ್ರೀನಿಯಾದಂಥ ಮಾನಸಿಕ ಕಾಯಿಲೆಗೆ ಕೊಡುವ ಕ್ಲೊಜಪಿನ್ ಮತ್ತು ಒಲಾಂಜಪಿನ್ ಇದರಲ್ಲಿ ಮುಖ್ಯ. ಕ್ಲೊಜಪಿನ್ ತೆಗೆದುಕೊಳ್ಳುವವರು ಬಿಡುವ ದಿನಕ್ಕೆ ಮುಂಚೆಯೇ ವೈದ್ಯರಿಗೆ ತಿಳಿಸಬೇಕು, ರಕ್ತದ ಮಟ್ಟ ನೋಡಿ ವಾರದೊಳಗೆ ಡೋಸನ್ನು ಸುಮಾರು ಕಾಲುಭಾಗ ಇಳಿಸುವುದು ರೂಢಿ. ಖಿನ್ನತೆಯ ಮಾತ್ರೆಗಳಲ್ಲಿ ಡ್ಯುಲಾಕ್ಸೆಟಿನ್, ಫ್ಲುವೊಕ್ಸಮಿನ್ ಈ ಗುಂಪಿನವು. ಸೇದುವವರ ರಕ್ತದಲ್ಲಿ ಡ್ಯುಲಾಕ್ಸೆಟಿನ್ ಮೂರನೇ ಒಂದು ಪಾಲು ಕಡಿಮೆ ಇರುತ್ತದೆ. ಇದೆಲ್ಲ ಹೊಗೆಯ ಕೆಲಸ, ನಿಕೋಟಿನ್‌ದಲ್ಲ. ಪ್ಯಾಚ್ ಹಚ್ಚಿಕೊಂಡರೂ ಕಿಣ್ವ ಮಂದವಾಗುತ್ತದೆ. ಬೀಡಿಯ ಹೊಗೆಯೂ ಲೆಕ್ಕಕ್ಕೆ ಬರುತ್ತದೆ, ಗುಟ್ಕಾ ಬರುವುದಿಲ್ಲ.

ಕಾಫಿಯಲ್ಲಿರುವ ಕೆಫೀನನ್ನು ಕರಗಿಸುವುದೂ ಇದೇ ಕಿಣ್ವ. ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುತ್ತಿದ್ದವರು ಸಿಗರೇಟು ಬಿಟ್ಟ ವಾರದಲ್ಲಿ ಅದೇ ನಾಲ್ಕು ಲೋಟ ಕುಡಿದರೆ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೈ ನಡುಕ, ಎದೆ ಡವಡವ, ನಿದ್ದೆಯಿಲ್ಲ. ಬ್ಯುಪ್ರೊಪಿಯಾನ್ ಕೂಡ ಇದ್ದರೆ ಕೇಳುವುದೇ ಬೇಡ. ಮಾತ್ರೆಯನ್ನು ದೂರಿ ನಿಲ್ಲಿಸುವ ಮೊದಲು ಕಾಫಿಯನ್ನು ಎರಡು ಲೋಟಕ್ಕೆ ಇಳಿಸಿ ನೋಡಬೇಕು, ಎರಡನೆಯದು ಮಧ್ಯಾಹ್ನ ಹನ್ನೆರಡರೊಳಗೆ. ನಿಕೋಟಿನ್ ಗಮ್ ಬಳಸುವವರಿಗೂ ಕಾಫಿ ಅಡ್ಡಿಯೇ: ಬಾಯಲ್ಲಿ ಹುಳಿ ಅಂಶವಿದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ, ಕುಡಿದ ಮೇಲೆ ಹದಿನೈದು ನಿಮಿಷ ಬಿಡಬೇಕು. ಪ್ಯಾಚ್ ಮತ್ತು ಬ್ಯುಪ್ರೊಪಿಯಾನ್ ಒಟ್ಟಿಗಿದ್ದರೆ ಬಿಪಿ ಏರಬಹುದು, ವಾರಕ್ಕೊಮ್ಮೆ ನೋಡಿಸಿಕೊಳ್ಳಿ.

ಕರ್ನಾಟಕದ ಮಟ್ಟಿಗೆ ಒಂದು ಮಾತು ಸೇರಿಸಲೇಬೇಕು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು. ಜಗಿಯುವ ತಂಬಾಕು ಬಿಡಿಸುವುದರಲ್ಲಿ ಬ್ಯುಪ್ರೊಪಿಯಾನ್ ಗೆದ್ದದ್ದಕ್ಕೆ ಪುರಾವೆಯಿಲ್ಲ. ವರೆನಿಕ್ಲಿನ್ ಮತ್ತು ಬಾಯಲ್ಲಿ ಚೀಪುವ ನಿಕೋಟಿನ್ ಲಾಜೆಂಜ್‌ಗೆ ಇದೆ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಗೆ, ಗುಟ್ಕಾ ಜಗಿಯುವ ಲಾರಿ ಚಾಲಕರಿಗೆ ಸಿಗರೇಟಿನ ಲೆಕ್ಕದಲ್ಲೇ ಬ್ಯುಪ್ರೊಪಿಯಾನ್ ಬರೆದರೆ ದುಡ್ಡೂ ದಂಡ, ನಂಬಿಕೆಯೂ ದಂಡ. ತಂಬಾಕು ಬಿಡಲು 1800-11-2356 ಉಚಿತ ಸಹಾಯವಾಣಿಯಿದೆ, ದಕ್ಷಿಣದ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವಿದೆ. ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್, 14416, ಹಗಲೂ ರಾತ್ರಿಯೂ ಕನ್ನಡದಲ್ಲಿ ಸಿಗುತ್ತದೆ.

ನಿಲ್ಲಿಸುವ ಲೆಕ್ಕ ಉಳಿಯಿತು. ಸಿಗರೇಟಿಗೆಂದು ಮಾತ್ರ ಶುರುಮಾಡಿದ ಬ್ಯುಪ್ರೊಪಿಯಾನ್ ಏಳರಿಂದ ಹನ್ನೆರಡು ವಾರಕ್ಕೆ ಮುಗಿಯುತ್ತದೆ. ಏಳನೇ ವಾರಕ್ಕೂ ಸೇದುವುದು ಒಂದಿಷ್ಟೂ ಕಡಿಮೆಯಾಗದಿದ್ದರೆ ಅದನ್ನೇ ಎಳೆಯುವುದರಲ್ಲಿ ಅರ್ಥವಿಲ್ಲ, ಬೇರೆ ಔಷಧಕ್ಕೆ ಹೋಗಬೇಕು. ಖಿನ್ನತೆಗೆ ಕೊಟ್ಟದ್ದಾದರೆ ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು, ಮೊದಲೂ ಎರಡು ಮೂರು ಸಲ ಖಿನ್ನತೆ ಬಂದಿದ್ದವರು ಇನ್ನೂ ಹೆಚ್ಚು ಕಾಲ. ತೊಡಕಾಗುವುದು ಒಂದೇ ಮಾತ್ರೆಯನ್ನು ಎರಡಕ್ಕೂ ತೆಗೆದುಕೊಳ್ಳುತ್ತಿರುವವರಲ್ಲಿ. ಮೂರು ತಿಂಗಳಿಗೆ ಸಿಗರೇಟು ಬಿಟ್ಟುಹೋಗಿರುತ್ತದೆ, "ಕೋರ್ಸ್ ಮುಗಿಯಿತು" ಎಂದು ಮಾತ್ರೆಯನ್ನೂ ಬಿಡುತ್ತಾರೆ, ಇನ್ನೆರಡು ತಿಂಗಳಿಗೆ ಖಿನ್ನತೆ ಮರಳುತ್ತದೆ, ಅದರ ಹಿಂದೆಯೇ ಸಿಗರೇಟು. ಮೊದಲ ಭೇಟಿಯಲ್ಲೇ ವೈದ್ಯರನ್ನು ಕೇಳಿ, ಮಾತ್ರೆ ಯಾವುದಕ್ಕೆ, ಯಾವ ತಿಂಗಳವರೆಗೆ ಎಂದು ಚೀಟಿಯ ಮೇಲೆ ಬರೆಸಿಕೊಳ್ಳಿ.